ರೋಸ್‌ಲಿನ್ ಮೇಡಂ ಬಿಡಿಸಿಕೊಂಡ ಪೆಟ್ಟಿಗೆಗಳು

ಗಿರಾಕಿಗಳು ಫೋನಿನಲ್ಲಿ ಕೂಗಾಡುವಾಗ ರೋಸ್‌ಲಿನ್ ಮೇಡಂ ಕಿತ್ತಳೆ ಸುಲಿಯುತ್ತಿದ್ದರು. ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲೆ ಅಂಗಾತ ಇಟ್ಟು, ಡ್ರಾಯರಿನಿಂದ ಹಣ್ಣು ತೆಗೆದು, ಹೆಬ್ಬೆರಳಿನ ಉಗುರಿನಿಂದ ಅದರ ನೆತ್ತಿ ಬಿಡಿಸಿ ಶುರು ಮಾಡುವರು. ಆ ಕಡೆಯವನು ತನ್ನ ಮಾಲು ಹಡಗು ತಪ್ಪಿಸಿಕೊಂಡಿತೆಂದು ಬಾಯಿಗೆ ಬಂದದ್ದೆಲ್ಲ ಅನ್ನುತ್ತಿರುತ್ತಿದ್ದ. ಇವರು ಬಿಳಿ ನಾರನ್ನು ಒಂದೊಂದಾಗಿ ಕಿತ್ತು, ತೊಳೆಗಳನ್ನು ಬಿಡಿಸಿ, ಅಕ್ಕಪಕ್ಕದ ಮೇಜುಗಳಿಗೆ ಹಂಚುತ್ತಿದ್ದರು. ಅವನು ಉಸಿರು ತೆಗೆದುಕೊಳ್ಳಲು ನಿಂತಾಗ ಮೆಲ್ಲಗೆ, "ಆಯ್ತಾ ಸಾರ್? ಈಗ ನಾನು ಹೇಳ್ಲಾ?" ಎನ್ನುವರು. ಮೊದಮೊದಲು ನನಗದು ತಾತ್ಸಾರವಾಗಿ ಕಂಡಿತ್ತು. ಒಮ್ಮೆ ಕೇಳಿಯೂಬಿಟ್ಟೆ.

"ಕೈ ಸುಮ್ನೆ ಇದ್ರೆ ಬಾಯಿ ತಿರುಗಿ ಬೈಯುತ್ತೆ ಕಣ್ಣಾ. ಅದಕ್ಕೇ ಕೈಗೆ ಕೆಲಸ ಕೊಡೋದು," ಎಂದರು.

ನಮ್ಮ ಆಫೀಸು ಗರುಡಾಚಾರ್‌ಪಾಳ್ಯದಲ್ಲಿ, ಒಂದು ಲೇಥ್ ವರ್ಕ್‌ಶಾಪಿನ ಮೇಲಿನ ಮಹಡಿಯಲ್ಲಿತ್ತು. ಕೆಳಗೆ ಕಬ್ಬಿಣ ಕೊರೆಯುತ್ತಿದ್ದರೆ ಮೇಲೆ ನಮ್ಮ ಚಹಾದ ಲೋಟಗಳು ಸಣ್ಣಗೆ ನಡುಗುತ್ತಿದ್ದವು. ಒಂದಿಡೀ ಕಂಟೇನರ್ ತುಂಬುವಷ್ಟು ಮಾಲಿಲ್ಲದ ಸಣ್ಣ ವ್ಯಾಪಾರಿಗಳ ಸರಕನ್ನು ಒಟ್ಟುಗೂಡಿಸಿ ಒಂದೇ ಕಂಟೇನರಿನಲ್ಲಿ ಹೊರದೇಶಕ್ಕೆ ಕಳಿಸುವುದು, ಅಲ್ಲಿಂದ ಹಾಗೆಯೇ ಬಂದದ್ದನ್ನು ಇಲ್ಲಿ ಬಿಡಿಸಿಕೊಡುವುದು ನಮ್ಮ ಕೆಲಸ. ಅದರ ಕಸ್ಟಮ್ಸ್ ಕಾಗದಪತ್ರವೆಲ್ಲ ರೋಸ್‌ಲಿನ್ ಮೇಡಂ ಕೈಯಲ್ಲಿ. ನಾನು ಸಿಂಧನೂರು ಕಡೆಯಿಂದ ಬಿ.ಕಾಂ. ಮುಗಿಸಿ ಬಂದು ಅವರ ಪಕ್ಕದ ಕುರ್ಚಿಯಲ್ಲಿ ಕೂತವನು. ಹೆಸರು ಬಸವರಾಜ. ಅವರ ಬಾಯಲ್ಲಿ ಬಸು.

ಐವತ್ತು ದಾಟಿದ ಹೆಂಗಸು. ಮದುವೆಯಾಗಿರಲಿಲ್ಲ. ಕಿವಿಯ ಮಟ್ಟಕ್ಕೆ ಕತ್ತರಿಸಿದ ಬೂದುಗೂದಲು, ಗಂಜಿ ಹಾಕಿದ ಕಾಟನ್ ಸೀರೆ. ಕಾಕ್ಸ್‌ಟೌನಿನ ಒಂದು ಓಣಿಯಲ್ಲಿ ಹಳೆಯ ಹೆಂಚಿನ ಮನೆಯಲ್ಲಿ ಬಾಡಿಗೆಗಿದ್ದರು. ಮನೆಯಲ್ಲಿ ತಮಿಳು, ಕಸ್ಟಮ್ಸ್‌ನವರು ಮಾಲು ಪರೀಕ್ಷಿಸುವ ಕಂಟೇನರ್ ಡಿಪೋದ ಲಾರಿ ಡ್ರೈವರುಗಳ ಜೊತೆ ಶಿವಾಜಿನಗರದ ಉರ್ದು, ಸಾಹೇಬರುಗಳ ಜೊತೆ ಇಂಗ್ಲಿಷ್, ನಮ್ಮ ಜೊತೆ ಇವೆಲ್ಲ ಸೇರಿದ ಕನ್ನಡ. ಆಂಟಿ ಎಂದು ಕರೆಯಲು ಹೋದ ಹುಡುಗಿಯೊಬ್ಬಳಿಗೆ, "ಮೇಡಂ ಅನ್ನಮ್ಮ. ಆಂಟಿ ಅಂದ್ರೆ ನಿನಗೆ ನನ್ನ ಮೇಲೆ ಭಯ ಹೋಗುತ್ತೆ, ಆಮೇಲೆ ಟೋಟಲ್ ತಪ್ಪು ಹಾಕ್ತೀಯ," ಎಂದಿದ್ದರು.

ನನಗೆ ಮೊದಲ ಪಾಠ ಹೇಳಿದ್ದು ಹೀಗೆ:

"ಕೆ.ಆರ್. ಪುರಂ ಹತ್ರ ಷೇರ್ ಆಟೋ ಹತ್ತಿದ್ದೀಯಾ?"

"ದಿನಾ ಹತ್ತತೀನ್ರಿ ಮೇಡಂ."

"ಅದರಲ್ಲಿ ಒಬ್ಬನ ಬ್ಯಾಗಲ್ಲಿ ಏನೋ ಬೇಡದ್ದು ಇದೆ ಅನ್ಕೋ. ಪೊಲೀಸ್ ಕೈ ಅಡ್ಡ ಹಾಕ್ದ. ಯಾರಿಗೆ ಲೇಟ್ ಆಗುತ್ತೆ?"

"ಎಲ್ಲಾರಿಗೂ."

"ಅಷ್ಟೇ ನಮ್ಮ ಬಿಸಿನೆಸ್ಸು. ಪ್ರತಿಯೊಬ್ಬರ ಮಾಲಿಗೂ ಅವರವರ ಪೇಪರ್ ಬೇರೆ. ಇಡೀ ಕಂಟೇನರಿಗೆ ಒಂದು ದೊಡ್ಡ ಪೇಪರ್. ಚಿಕ್ಕದೆಲ್ಲ ಕೂಡಿಸಿದ್ರೆ ದೊಡ್ಡದು ಆಗ್ಬೇಕು. ಒಂದು ಡಬ್ಬ ಹೆಚ್ಚು ಬಂದ್ರೂ ನಿಲ್ಸ್ತಾರೆ, ಕಮ್ಮಿ ಬಂದ್ರೂ ನಿಲ್ಸ್ತಾರೆ. ಒಬ್ಬನ ತಪ್ಪಿಗೆ ಎಲ್ಲರೂ ನಿಂತ್ಕೋಬೇಕು. ನ್ಯಾಯ ಅಲ್ಲ, ಆದ್ರೆ ರೂಲು."

ಹಾಗೆ ಒಮ್ಮೆ ನಿಂತೂಬಿಟ್ಟಿತು. ಊದುಬತ್ತಿ ಎಂದು ಬರೆಸಿ ಕಳಿಸಿದ್ದವನೊಬ್ಬನ ಡಬ್ಬಗಳಲ್ಲಿ, ಊದುಬತ್ತಿಯ ಕೆಳಗೆ ಶ್ರೀಗಂಧದ ಚಕ್ಕೆಗಳಿವೆ ಎಂದು ಯಾರೋ ಸುಳಿವು ಕೊಟ್ಟಿದ್ದರು. ತುಂಬಿ ಸೀಲು ಹಾಕಿದ್ದ ಕಂಟೇನರನ್ನು ಕಸ್ಟಮ್ಸ್‌ನವರು ವಾಪಸು ಕರೆಸಿ ಡಿಪೋದಲ್ಲಿ ಬಿಚ್ಚಿಸಿದರು. ಎಲ್ಲರ ಮಾಲೂ ಕೆಳಗಿಳಿಯಿತು. ಅದರಲ್ಲಿ ಶಿವಾಜಿನಗರದ ಬಾಬು ಸಾಬರ ಚರ್ಮದ ಬೆಲ್ಟುಗಳೂ ಇದ್ದವು. ಅವರ ಮೊದಲ ವಿದೇಶಿ ಆರ್ಡರು ಅದು. ಮನೆಮಂದಿಯೆಲ್ಲ ಕೂತು ಹೊಲಿದ ಬೆಲ್ಟುಗಳು. ಸಾಬರು ಆಫೀಸಿಗೆ ಬಂದು, ಮೇಡಂ ಮೇಜಿನ ಎದುರು ನಿಂತೇ ಇದ್ದರು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಮೇರಾ ಕ್ಯಾ ಕಸೂರ್ ಹೈ ಮೇಡಂ? ನನ್ನದೇನು ತಪ್ಪು? ನನ್ನ ಮಾಲು ಒಂದು ತೆಗೆದು ಕಳಿಸ್ಬಿಡಿ. ನಿಮ್ಮ ಮಾತು ಆಫೀಸರ್ ಕೇಳ್ತಾರೆ."

"ಕೇಳಲ್ಲ ಬಾಬು ಭಾಯ್. ಕೇಳ್ಬಾರ್ದು ಕೂಡ."

"ಪಾರ್ಟಿ ಆರ್ಡರ್ ಕ್ಯಾನ್ಸಲ್ ಮಾಡ್ತಾನೆ."

"ಮಾಡಬಹುದು."

ಒಂದೇ ಒಂದು ಸಮಾಧಾನದ ಮಾತು ಅವರ ಬಾಯಿಂದ ಬರಲಿಲ್ಲ. ಸಾಬರು ಕಣ್ಣೊರೆಸಿಕೊಂಡು ಮೆಟ್ಟಿಲಿಳಿದರು. ಈ ಹೆಂಗಸಿಗೆ ಎದೆ ಎಂಬುದೇ ಇಲ್ಲವೇನೋ ಎಂದು ನನಗೆ ಅನ್ನಿಸಿತು. ಮರುದಿನ ಬೆಳಿಗ್ಗೆಯೇ ಮೇಡಂ ಕೊಡೆ ಹಿಡಿದು ಡಿಪೋಗೆ ಹೋದರು, ನನ್ನನ್ನೂ ಕರೆದುಕೊಂಡರು. ಬೆಲ್ಟಿನ ಡಬ್ಬಗಳನ್ನು ಮತ್ತೆ ಪರೀಕ್ಷೆ ಮಾಡಿಸಿ, ಹಳೆಯ ಕಂಟೇನರಿನ ಕಾಗದದಿಂದ ಅವುಗಳನ್ನು ತೆಗೆಸಿ, ಮುಂದಿನ ಕಂಟೇನರಿನ ಕಾಗದಕ್ಕೆ ಸೇರಿಸಬೇಕಿತ್ತು. ಒಂದು ಕೌಂಟರಿನಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೆ ಮೊದಲಿನದಕ್ಕೆ. ನೆರಳಿರಲಿಲ್ಲ. ಮಾಲಿನ ಡಬ್ಬಗಳು ಹೊಸ ಕಂಟೇನರಿನೊಳಗೆ ಹೋಗುವವರೆಗೂ ಅವರು ಅಲ್ಲಿಂದ ಕದಲಲಿಲ್ಲ. ಅಂದೇ ಸಂಜೆ ಸಾಬರಿಗೆ ಫೋನು ಮಾಡಿ, "ನಿಮ್ಮದು ಹತ್ತಿತು," ಎಂದಷ್ಟೇ ಹೇಳಿ ಇಟ್ಟರು. ಆರ್ಡರು ಉಳಿಯಿತು. ಸಾಬರು ಸಿಹಿ ತಂದರೆ ಮೇಡಂ, "ಇವನಿಗೆ ಕೊಡಿ, ಬಿಸಿಲಲ್ಲಿ ನಿಂತಿದ್ದ," ಎಂದು ನನ್ನ ಕಡೆ ತಳ್ಳಿದರು.

ಅವರಿಗಿದ್ದವನು ಒಬ್ಬನೇ ತಮ್ಮ, ಜೋಸೆಫ್. ತಾಯಿ ಬೇಗ ಹೋದ ಮೇಲೆ ಇವರೇ ಬೆಳೆಸಿದ್ದು. ಮಸ್ಕತ್ತಿನಲ್ಲಿ ಕಟ್ಟಡಗಳ ಏರ್ ಕಂಡೀಷನ್ ಕೆಲಸ ಮಾಡಿಕೊಂಡಿದ್ದ. ಅವನೂ ಒಂಟಿ. ಶುಕ್ರವಾರ ಅವನಿಗೆ ರಜೆ. ಆ ದಿನ ನಮ್ಮ ಊಟದ ಹೊತ್ತಿಗೆ ಸರಿಯಾಗಿ ವಿಡಿಯೋ ಕಾಲ್ ಬರುತ್ತಿತ್ತು. ಮೇಡಂ ಫೋನನ್ನು ಟಿಫಿನ್ ಡಬ್ಬಿಗೆ ಒರಗಿಸಿಟ್ಟುಕೊಂಡು ಊಟ ಮಾಡುವರು. ಅವನು ಚರ್ಚಿನ ಹಾಡುಗಾರರ ಜೊತೆ ಕೀಬೋರ್ಡ್ ಬಾರಿಸುತ್ತಿದ್ದ. "ಅಕ್ಕಾ, ಇದು ಕೇಳು," ಎಂದು ಹೊಸ ರಾಗವೊಂದನ್ನು ಬಾರಿಸಿ ತೋರಿಸುತ್ತಿದ್ದ. ಇವರು, "ಸ್ಲೋ ಮಾಡೋ, ಪ್ರಾರ್ಥನೇನಾ ಬಸ್ ಹಿಡಿಯೋದಾ?" ಎನ್ನುತ್ತಿದ್ದರು. ಅವನ ಹಿಂದೆ ಯಾವಾಗಲೂ ಒಬ್ಬ ಆಸಾಮಿ ಬನಿಯನ್ನಿನಲ್ಲಿ ಅಡುಗೆ ಮಾಡುತ್ತಿರುತ್ತಿದ್ದ. ಅವನು ಯಲ್ಲಪ್ಪ, ಜೋಸೆಫನ ಕೆಲಸದ ಮತ್ತು ರೂಮಿನ ಜೊತೆಗಾರ. ನಮ್ಮ ಲಿಂಗಸುಗೂರು ಕಡೆಯವನು. ನನ್ನನ್ನು ಕಂಡರೆ ಸೌಟು ಎತ್ತಿ, "ಆರಾಮೇನ್ರೀ ತಮ್ಮಾ," ಎನ್ನುತ್ತಿದ್ದ.

ಜೋಸೆಫ್ ಸತ್ತ ಸುದ್ದಿ ಬಂದದ್ದು ಆಫೀಸಿನಲ್ಲಿರುವಾಗಲೇ. ಯಲ್ಲಪ್ಪನೇ ಫೋನು ಮಾಡಿದ್ದ. ಕೆಲಸದ ಜಾಗದಲ್ಲಿ ಎದೆ ನೋವೆಂದು ಕೂತವನು ಆಸ್ಪತ್ರೆ ತಲುಪುವ ಮೊದಲೇ ಹೋಗಿಬಿಟ್ಟಿದ್ದ. ಮೇಡಂ ಫೋನು ಕಿವಿಗೆ ಹಿಡಿದು, "ಹೂಂ... ಹೂಂ... ಯಾವ ಆಸ್ಪತ್ರೆ? ಸ್ಪೆಲ್ಲಿಂಗ್ ಹೇಳು," ಎಂದು ಬರೆದುಕೊಂಡರು. ಇಟ್ಟ ಮೇಲೆ ಎದುರಿಗಿದ್ದ ಪ್ಯಾಕಿಂಗ್ ಲಿಸ್ಟಿನ ಉಳಿದ ಸಾಲುಗಳನ್ನೂ ಟಿಕ್ ಮಾಡಿ ಮುಗಿಸಿ, ನನ್ನ ಮೇಜಿಗೆ ತಂದಿಟ್ಟು, "ಜೋಸೆಫ್ ಹೋಗ್ಬಿಟ್ಟ. ನಾನು ಮನೆಗೆ ಹೋಗ್ತೀನಿ," ಎಂದರು. "ಹೂಂ ಮೇಡಂ," ಎಂದೆ.

ಶವ ವಿಮಾನದಲ್ಲಿ ಬಂತು. ಮಣ್ಣಿಗೆ ನಾವೆಲ್ಲ ಹೋಗಿದ್ದೆವು. ಮೇಡಂ ಅಳಲಿಲ್ಲ. ಬಂದವರಿಗೆಲ್ಲ ಕಾಫಿ ಬಂತೇ ಎಂದು ವಿಚಾರಿಸಿಕೊಂಡರು. ಅದೇ ವಾರ ಕೆಲಸಕ್ಕೆ ಬಂದು ಕೂತರು. ಶುಕ್ರವಾರಗಳಂದು ಊಟದ ಹೊತ್ತಿಗೆ ಆಫೀಸಿನಲ್ಲಿ ಎಲ್ಲರೂ ಜೋರಾಗಿ ಮಾತಾಡತೊಡಗಿದೆವು, ಯಾರೂ ಹಾಗೆಂದು ನಿರ್ಧರಿಸದೆಯೇ.

ಕೆಲವು ತಿಂಗಳ ನಂತರ ಜೋಸೆಫನ ಸಾಮಾನು ಬಂತು. ಎರಡು ರಟ್ಟಿನ ಪೆಟ್ಟಿಗೆ. ಯಲ್ಲಪ್ಪ ಕಟ್ಟಿ ಕಳಿಸಿದ್ದ. ನಮ್ಮ ಕಂಪನಿಯ ಮೂಲಕವೇ, ಹತ್ತಾರು ಜನರ ಸರಕಿನ ಜೊತೆ ಒಂದೇ ಕಂಟೇನರಿನಲ್ಲಿ. ಹೊರದೇಶದಲ್ಲಿ ಸತ್ತವರು ಬಳಸಿದ ಬಟ್ಟೆಬರೆ, ಮನೆಸಾಮಾನನ್ನು ಅವರ ಮನೆಯವರು ಸುಂಕ, ಅಂದರೆ ಡ್ಯೂಟಿ, ಕಟ್ಟದೆ ಬಿಡಿಸಿಕೊಳ್ಳಬಹುದು. ಆದರೆ ಅವು ಸತ್ತವರದೇ ಎಂದು ಅಲ್ಲಿನ ನಮ್ಮ ರಾಯಭಾರ ಕಚೇರಿ ಬರೆದುಕೊಟ್ಟಿರಬೇಕು. ಮತ್ತು ಎಲ್ಲವೂ ಬಳಸಿದ್ದೇ ಆಗಿರಬೇಕು. ಆ ಪತ್ರ ತರಿಸಿಕೊಂಡು, ಉಳಿದ ಕಾಗದಗಳನ್ನು ಮೇಡಂ ತಾವೇ ಟೈಪು ಮಾಡಿದರು. ನನ್ನ ಕಡೆ ನೂಕಿ, "ಚೆಕ್ ಮಾಡು. ಮಾಡ್ದವರೇ ಚೆಕ್ ಮಾಡ್ಬಾರ್ದು," ಎಂದರು. ನಾನು ಓದಿದೆ. ಬಳಸಿದ ಅಂಗಿಗಳು. ಬಳಸಿದ ಬೂಟು. ಬಳಸಿದ ಕುಕ್ಕರ್. ಬಳಸಿದ ಬೈಬಲ್. ತಪ್ಪೇನೂ ಇರಲಿಲ್ಲ.

ಡಿಪೋದ ಗೋದಾಮಿನಲ್ಲಿ ಪೆಟ್ಟಿಗೆ ಬಿಚ್ಚುವಾಗ ನಾನೂ ಇದ್ದೆ. ಆಫೀಸರ್ ಚಿಕ್ಕ ವಯಸ್ಸಿನವರು, ಮೇಡಂ ಎಂದರೆ ಗೌರವ. "ಇದು ಫಾರ್ಮಾಲಿಟಿ ಅಷ್ಟೇ ಮೇಡಂ," ಎಂದು ಮೊದಲೇ ಹೇಳಿದ್ದರು. ಮೊದಲ ಪೆಟ್ಟಿಗೆಯಲ್ಲಿ ಬರೆದಂತೆಯೇ ಎಲ್ಲ ಇತ್ತು. ಒಂದು ನೀಲಿ ಚೌಕುಳಿ ಅಂಗಿಯ ಕಾಲರಿನ ಮಡಿಕೆಯನ್ನು ಮೇಡಂ ಬೆರಳಿನಿಂದ ಸರಿಮಾಡಿದರು. ಎರಡನೇ ಪೆಟ್ಟಿಗೆಯಲ್ಲಿ ಹಳೆಯ ರಗ್ಗೊಂದನ್ನು ಎತ್ತಿದರೆ ಅದರ ಕೆಳಗೆ ಪ್ಲಾಸ್ಟಿಕ್ ಒಡೆಯದ ಹೊಸ ಕಂಬಳಿ, ಅತ್ತರಿನ ಬಾಟಲಿಗಳು, ಡಬ್ಬಿಯೊಳಗಿನ ಹೊಸ ಮೊಬೈಲು, ಮಕ್ಕಳು ಬಾರಿಸುವಂಥ ಒಂದು ಪುಟ್ಟ ಕೀಬೋರ್ಡು.

ಆಫೀಸರ್ ಕೆಳಗೆ ನೋಡಿದರು. ಆಮೇಲೆ, ದಾರಿ ಬಿಟ್ಟುಕೊಡುವವರಂತೆ, "ಇದೆಲ್ಲ ನಿಮ್ಮ ತಮ್ಮಂದೇ ಅಲ್ವಾ ಮೇಡಂ? ಚರ್ಚಲ್ಲಿ ಕೀಬೋರ್ಡ್ ಬಾರಿಸ್ತಿದ್ರು ಅಂದಿದ್ರಿ," ಎಂದರು.

ಒಂದು ಹೂಂ ಸಾಕಿತ್ತು. ಪೆಟ್ಟಿಗೆಗಳು ಅಂದೇ ಕಾಕ್ಸ್‌ಟೌನಿಗೆ ಹೋಗುತ್ತಿದ್ದವು.

"ಅಲ್ಲ ಸಾರ್. ಇವು ಅವನವಲ್ಲ. ಅವನ ಕೈಗೆ ಕೀಬೋರ್ಡ್ ಸಿಕ್ಕಿದ್ರೆ ಹಿಂಗೆ ಹೊಸದಾಗಿ ಉಳೀತಿರ್ಲಿಲ್ಲ," ಎಂದರು ಮೇಡಂ. "ಪ್ಯಾಕ್ ಮಾಡ್ದವರು ತಪ್ಪಾಗಿ ಸೇರ್ಸಿದ್ದಾರೆ. ಡ್ಯೂಟಿ, ಫೈನ್ ಏನಿದೆಯೋ ನಾನು ಕಟ್ತೀನಿ. ಅವರ ಹೆಸರು ಎತ್ಬೇಡಿ."

ಆಫೀಸರ್, ಹಾಗಾದರೆ ಮೇಲಿನವರ ಆದೇಶ ಬೇಕು, ಅಲ್ಲಿಯವರೆಗೆ ಎರಡೂ ಪೆಟ್ಟಿಗೆ ಇಲ್ಲೇ ಇರಬೇಕಾಗುತ್ತದೆ ಎಂದರು. ಮೇಡಂ ತಲೆಯಾಡಿಸಿ ನೀಲಿ ಅಂಗಿಯನ್ನು ಮಡಿಸಿ ಒಳಗಿಟ್ಟರು. ಗೋದಾಮಿನವನು ಟೇಪು ಸುತ್ತಿ, ಸೀಲು ಹಾಕಿ, ಪೆಟ್ಟಿಗೆಗಳನ್ನು ಟ್ರಾಲಿಯ ಮೇಲೆ ಒಳಗೆ ತಳ್ಳಿಕೊಂಡು ಹೋದ.

ಹೊರಗೆ ಬಂದ ಕೂಡಲೆ ನನಗೆ ತಡೆಯಲಾಗಲಿಲ್ಲ. "ಹೂಂ ಅಂದಿದ್ರ ಮುಗೀತಿತ್ತಲ್ರಿ ಮೇಡಂ. ಅವರೇ ಬಿಡ್ತಿದ್ರು."

"ಪೇಪರ್ ಜೋಸೆಫ್ ಹೆಸರಲ್ಲಿದೆ. ನಾನು ಹೂಂ ಅಂದ್ರೆ ಅವನು ಸುಳ್ಳು ಹೇಳ್ದಂಗೆ. ಅವನು ಬಂದು ಇಲ್ಲ ಅನ್ನೋಕಾಗುತ್ತಾ?"

ಗೇಟಿನ ಪಕ್ಕದ ಚಹಾದಂಗಡಿಯ ಬಳಿ ನಿಂತು ಯಲ್ಲಪ್ಪನಿಗೆ ಫೋನು ಮಾಡಿದರು. "ಎರಡನೇ ಪೆಟ್ಟಿಗೇಲಿ ಏನೇನು ಹಾಕಿದ್ದೆ ಯಲ್ಲಪ್ಪಾ?" ಆ ಕಡೆ ಅವನು ಅಳುವುದು ನನಗೂ ಕೇಳಿಸಿತು.

"ತಪ್ಪಾತ್ರಿ ಅಕ್ಕಾರ. ಈ ಸಲಾನೂ ಊರಿಗೆ ಬರಾಕ ರಜಾ ಕೊಡಲಿಲ್ಲ. ಪೆಟಿಗ್ಯಾಗ ಜಾಗ ಇತ್ತು, ಮನಿಯವ್ರಿಗಂತ ಇಟ್ಟಿದ್ದನ್ನ ಹಾಕಿಬಿಟ್ಟೆ. ನಿಮಗ ಹೇಳಾಕ ಬಾಯಿ ಬರಲಿಲ್ಲರಿ."

ಕೊನೆಯ ಹೊತ್ತಿನಲ್ಲಿ ಜೋಸೆಫನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದವನು ಅವನೇ. ಮೇಡಂ ಆ ಮಾತು ಎತ್ತಲಿಲ್ಲ, ಬೈಯಲೂ ಇಲ್ಲ. "ಅಳ್ಬೇಡ. ನಿನ್ನ ಹೆಂಡ್ತಿ ಎಲ್ಲಿರೋದು, ಅಡ್ರೆಸ್ ಹೇಳು," ಎಂದರು.

ಆದೇಶ ಬರಲು ವಾರಗಟ್ಟಲೆ ಹಿಡಿಯಿತು. ಆ ದಿನಗಳಲ್ಲಿ ನಾವು ಬೇರೆಯವರ ಮಾಲಿಗಾಗಿ ಅದೇ ಗೋದಾಮಿಗೆ ಎಷ್ಟೋ ಸಲ ಹೋಗಬೇಕಾಯಿತು. ಮೇಡಂ ಒಳಗಿನ ಆ ಮೂಲೆಯ ಕಡೆ ತಿರುಗಿ ನೋಡಿದ್ದನ್ನು ನಾನು ಕಾಣೆ. ತಮ್ಮದು ಏನಾಯಿತೆಂದು ಕೌಂಟರಿನಲ್ಲಿ ವಿಚಾರಿಸಿದ್ದನ್ನೂ ಕಾಣೆ. ಸರದಿ ಬಂದಾಗ ಬರಲಿ ಎಂಬಂತೆ ಇದ್ದರು. ಕೊನೆಗೆ ಬಂತು. ಸುಂಕ, ದಂಡ ಕಟ್ಟಿ ಪೆಟ್ಟಿಗೆಗಳನ್ನು ಬಿಡಿಸಿಕೊಂಡರು. ಅಲ್ಲಿಯೇ ಯಲ್ಲಪ್ಪನ ಸಾಮಾನನ್ನು ಬೇರೆ ಚೀಲಕ್ಕೆ ಹಾಕಿಸಿ, "ಮೊದಲು ಇದನ್ನ ಕೊಟ್ಬಿಡೋಣ ನಡಿ," ಎಂದರು.

ಯಲ್ಲಪ್ಪನ ಹೆಂಡತಿ ಮಲ್ಲಮ್ಮ ಕೆ.ಆರ್. ಪುರಂನಲ್ಲಿ ಸಾಲುಮನೆಗಳ ಒಂದು ಕೋಣೆಯಲ್ಲಿ ಮಗಳೊಂದಿಗೆ ಇದ್ದಳು. ಹತ್ತಿರದ ಅಪಾರ್ಟ್‌ಮೆಂಟುಗಳಲ್ಲಿ ಮನೆಗೆಲಸ. ಗಂಡ ಮೊದಲೇ ಹೇಳಿದ್ದನೆಂದು ಕಾಣುತ್ತದೆ, ನಮ್ಮನ್ನು ಕಂಡು ಹೆದರಿಕೊಂಡೇ, "ಬರ್ರಿ ಅಕ್ಕಾರ, ಕುಂದರ್ರಿ," ಎಂದು ಚಾಪೆ ಹಾಸಿದಳು. ಮೇಡಂ ಚೀಲದಿಂದ ಒಂದೊಂದಾಗಿ ತೆಗೆದು ಕೊಟ್ಟರು. ಕಂಬಳಿ, ಅತ್ತರು, ಮೊಬೈಲು. ಕೀಬೋರ್ಡು ಹೊರಬಂದಾಗ ಮಲ್ಲಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು.

"ಇದು ನಮ್ಮವ್ರು ತೊಗೊಂಡಿದ್ದಲ್ರಿ ಅಕ್ಕಾರ. ಜೋಸೆಫಣ್ಣ ತೊಗೊಂಡಿದ್ದು. ನನ್ನ ಮಗಳಿಗೆ ಫೋನಿನ್ಯಾಗ ಬೆರಳು ತೋರಿಸಿ ಹಾಡು ಕಲಸ್ತಿದ್ರು. ಹುಟ್ಟಿದ ಹಬ್ಬಕ್ಕ ಕಳಸ್ತೀನಿ ಅಂದಿದ್ರು. ತಂದಿಟ್ಟ ವಾರದಾಗನ ಹಿಂಗಾತು."

ಪಕ್ಕದ ಮನೆಯ ಮಿಕ್ಸಿ ತಿರುಗಿ ನಿಂತಿತು. ಮೇಡಂ ಕೀಬೋರ್ಡಿನ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದರು.

"ಹೊಸದಲ್ವೇನಮ್ಮಾ," ಎಂದರು ಕೊನೆಗೆ. "ಅವನದಾದ್ರೂ ಹೊಸದಕ್ಕೆ ಡ್ಯೂಟಿ ಇದೆ."

ಮಲ್ಲಮ್ಮನಿಗೆ ಅರ್ಥವಾಗಲಿಲ್ಲ. "ಹೌದ್ರಿ ಅಕ್ಕಾರ," ಎಂದಳು.

ಹುಡುಗಿ ಡಬ್ಬಿ ಒಡೆದು ಕೀಬೋರ್ಡನ್ನು ಚಾಪೆಯ ಮೇಲಿಟ್ಟುಕೊಂಡಳು. ಅದಕ್ಕೆ ಹಾಕುವ ಸೆಲ್ಲು ಡಬ್ಬಿಯಲ್ಲಿರಲಿಲ್ಲ. ಅವಳು ಹಾಗೆಯೇ ಬಾರಿಸತೊಡಗಿದಳು. ಯಾವ ಬೆರಳು ಎಲ್ಲಿಡಬೇಕೆಂದು ಅವಳಿಗೆ ಗೊತ್ತಿತ್ತು. ತುಟಿಯಲ್ಲೇ ಲೆಕ್ಕ ಹಾಕುತ್ತ, ನಿಧಾನವಾಗಿ. ಕೀಲಿಗಳ ಪ್ಲಾಸ್ಟಿಕ್ ಟಕಟಕ ಎನ್ನುತ್ತಿತ್ತು ಅಷ್ಟೇ. ಅಂಗಡಿಯಿಂದ ಸೆಲ್ಲು ತರುತ್ತೇನೆಂದು ನಾನು ಎದ್ದೆ. ಮೇಡಂ ನನ್ನ ತೋಳು ಹಿಡಿದು ಕೂರಿಸಿದರು. ಹುಡುಗಿ ಹಾಡು ಮುಗಿಸುವವರೆಗೂ ಅವಳ ಬೆರಳುಗಳನ್ನೇ ನೋಡುತ್ತಿದ್ದು, ನಂತರ ಎದ್ದು, ಮಲ್ಲಮ್ಮ ಕೊಟ್ಟ ಚಹಾವನ್ನು ನಿಂತೇ ಕುಡಿದು ಹೊರಟರು. ಹೊರಗೆ ಒಂದು ಮನೆಯ ಜಗುಲಿಯ ಮೇಲೆ ಕೂತರು. "ಐದು ನಿಮಿಷ ಬಸು," ಎಂದರು. ಐದಕ್ಕಿಂತ ಹೆಚ್ಚೇ ಕೂತಿದ್ದರು. ನಾನು ಪಕ್ಕದಲ್ಲಿ ನಿಂತಿದ್ದೆ. ಆಟೋ ಈ ಓಣಿಗೆ ಬರುವುದೋ ಇಲ್ಲವೋ ಎಂದಷ್ಟೇ ಯೋಚಿಸುತ್ತಿದ್ದೆ.

ಮರುದಿನದಿಂದ ಎಲ್ಲ ಮೊದಲಿನಂತೆಯೇ. ಆಫೀಸಿನಲ್ಲಿ ಅವರು ಆ ವಿಷಯ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ಕಂಟೇನರುಗಳು ತುಂಬುತ್ತಿದ್ದವು, ಖಾಲಿಯಾಗುತ್ತಿದ್ದವು. ಕಾಗದದ ಕೆಲಸವನ್ನೆಲ್ಲ ಬೇರೆ ಊರಿನ ಕೇಂದ್ರಕ್ಕೆ ಸಾಗಿಸುತ್ತೇವೆಂದು ಕಂಪನಿಯವರು ಹೇಳಿದಾಗ ಮೇಡಂ, "ಸರಿ," ಎಂದು ತಮ್ಮ ಡ್ರಾಯರು ಖಾಲಿ ಮಾಡಿಕೊಂಡರು. ನನ್ನನ್ನು ಡಿಪೋ ಕೆಲಸಕ್ಕೆ ಉಳಿಸಿಕೊಂಡರು. ಆ ಹೊತ್ತಿಗೆ ಕಾಕ್ಸ್‌ಟೌನಿನ ಮನೆಯನ್ನೂ ಕೆಡವಿ ಫ್ಲಾಟು ಕಟ್ಟುವವರಿದ್ದರು. ಬಂಗಾರಪೇಟೆಯಲ್ಲಿ ಚಿಕ್ಕಮ್ಮನ ಮಗಳಿದ್ದಳು. ಅವಳ ಮನೆಗೆ ಹೋಗುವುದೆಂದು ತೀರ್ಮಾನವಾಯಿತು.

ಮೇಡಂ ತೀರಿಕೊಂಡ ಸುದ್ದಿಯನ್ನು ಆ ತಂಗಿಯೇ ನನಗೆ ತಿಳಿಸಿದ್ದು, ಮಣ್ಣು ಮುಗಿದು ಕೆಲವು ದಿನಗಳಾದ ಮೇಲೆ. ಆಗ ನಾನು ಗೋದಾಮಿನಲ್ಲಿದ್ದೆ. ಯಾರೋ ಒಬ್ಬರ ಮಾಲು ಎಣಿಸುತ್ತಿದ್ದೆವು. ಫೋನು ಜೇಬಿಗಿಟ್ಟು ಎಣಿಕೆ ಮುಂದುವರಿಸಿದೆ. ಸಂಜೆ ಮನೆಗೆ ಬಂದು ಊಟ ಮಾಡಿದೆ. ಬಂಗಾರಪೇಟೆಗೆ ಒಮ್ಮೆ ಹೋಗಿಬರಬೇಕೆಂದುಕೊಂಡಿದ್ದೇನೆ, ಇನ್ನೂ ಹೋಗಿಲ್ಲ.

ಕೊನೆಯ ಸಲ ನೋಡಿದ್ದು ಕಂಟೋನ್ಮೆಂಟ್ ಸ್ಟೇಷನ್ನಿನಲ್ಲಿ, ಅವರು ಊರು ಬಿಟ್ಟ ದಿನ. ಬ್ಯಾಗು ಹತ್ತಿಸಿಕೊಡಲು ಹೋಗಿದ್ದೆ. ಬೆಳಗಿನ ಗಾಡಿ, ಜನ ಕಡಿಮೆ. ಕಿಟಕಿ ಪಕ್ಕದ ಸೀಟು ಸಿಕ್ಕಿತು. ನಾನು ಕೆಳಗಿಳಿದು ಪ್ಲಾಟ್‌ಫಾರಂ ಮೇಲೆ ಕಿಟಕಿಯ ಬಳಿ ನಿಂತೆ. ನೀರಿನ ಬಾಟಲಿ ಇದೆಯಾ ಎಂದು ಕೇಳಿದೆ. ಇದೆ ಎಂದರು.

"ಬಸು, ಅವತ್ತು ಆಫೀಸರ್ ಕೇಳಿದ್ರಲ್ಲ, ಕೀಬೋರ್ಡ್ ನಿಮ್ಮ ತಮ್ಮಂದಾ ಅಂತ."

"ಹೌದ್ರಿ ಮೇಡಂ."

"ನಾನು ಅಲ್ಲ ಅಂದ್ಬಿಟ್ಟೆ."

"ನಿಮಗ ಗೊತ್ತಿರಲಿಲ್ಲಲ್ರಿ."

"ಗೊತ್ತಿರ್ಲಿಲ್ಲ. ಗೊತ್ತಿದ್ರೂ ಡ್ಯೂಟಿ ಕಟ್ಲೇಬೇಕಿತ್ತು, ಅದು ಬೇರೆ." ಅವರು ಕಿಟಕಿಯ ಸರಳು ಹಿಡಿದುಕೊಂಡರು. "ಆದ್ರೆ ಅವನದು ಅಂತ ಹೇಳಿ ಕಟ್ಟಬಹುದಿತ್ತಲ್ಲಾ ಕಣ್ಣಾ."

ಗಾಡಿ ಅಲುಗಿತು. ನಾನು ಅದರ ಜೊತೆಗೆ ನಾಲ್ಕು ಹೆಜ್ಜೆ ನಡೆದೆ. ಮೇಡಂ ಸರಳಿನಿಂದ ಕೈ ತೆಗೆದು, "ಹೋಗು, ಡಿಪೋಗೆ ಲೇಟ್ ಆಗುತ್ತೆ ನಿನಗೆ," ಎಂದರು.